ಕಾಶಿನಾಥನ ಪಾಲು

ನಲವತ್ತು ವರ್ಷ ಹಾಳು ಬಿದ್ದಿತ್ತಂತೆ ಆ ಮನೆ. ಹೀಗಂತ ಮೆನು ಕಾರ್ಡಿನ ಮೊದಲ ಪುಟದಲ್ಲಿ, ತಿಂಡಿಗಳ ಹೆಸರಿಗಿಂತ ಮುಂಚೆ, ಚೆಂದದ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದಾರೆ. ಬಾಂದ್ರಾದ ಯಾರೋ ವ್ಯಾಪಾರಿ ಕಟ್ಟಿಸಿದ ಬಂಗಲೆ, ಮರದ ಬಾಲ್ಕನಿ, ಬರ್ಮಾ ತೇಗದ ಮೆಟ್ಟಿಲು, ಆಮೇಲೆ ನಲವತ್ತು ವರ್ಷದ ಕತ್ತಲು, ಆಮೇಲೆ ಇವರು ಬಂದು ದೀಪ ಹಚ್ಚಿದರು. ‘ವಿಲ್ಲಾ ಫಿಲೋಮಿನಾ’ ಎಂಬ ರೆಸ್ಟೋರೆಂಟಿನ ಇತಿಹಾಸ ಇಷ್ಟೇ. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಕತ್ತಲಂತೆ! ಆ ಕತ್ತಲಲ್ಲಿ ಕೂತು ನಮ್ಮವ್ವ ದಿನಾ ಬೆಳಗಾದರೆ ಜೋಳದ ರೊಟ್ಟಿ ಬಡಿದಳಲ್ಲ, ಆ ರೊಟ್ಟಿ ತಿಂದವರು ಯಾರು? ದೆವ್ವಗಳೇ?

ನಾನು ಶಿವಕುಮಾರಿ. ಕುರ್ಲಾದ ಒಂದು ಕನ್ನಡ ಶಾಲೆಯಲ್ಲಿ ಟೀಚರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಸ್ಟಾಫ್ ರೂಮಿನಲ್ಲೂ ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ. ಇರಲಿ, ನಾನೇನೂ ಅಲ್ಲಗಳೆಯುವುದಿಲ್ಲ. ಆದರೆ ಈ ಸಂಗತಿ ಕೇಳಿಯೂ ಸಿಟ್ಟು ಬಾರದವರಿದ್ದರೆ ಅವರ ಮೈಯಲ್ಲಿ ಹರಿಯುವುದು ರಕ್ತವೋ ಸೋಡಾವೋ ಅಂತ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು.

ನಮ್ಮವ್ವ ಇಂದ್ರಾಬಾಯಿ ವಿಜಾಪುರದ ಕಡೆಯವಳು. ಅಪ್ಪ ತೀರಿಕೊಂಡಾಗ ನಾನಿನ್ನೂ ಕಂಕುಳ ಕೂಸು. ಅವ್ವ ಆ ಬಂಗಲೆಯ ಕೆಳಗಿನ ಕೋಣೆಗಳನ್ನು ಬಾಡಿಗೆಗೆ ಹಿಡಿದು ಖಾನಾವಳಿ ಹಾಕಿದಳು. ಮೇಲಿನ ಅಂತಸ್ತಿನಲ್ಲಿ ಮನೆಯೊಡತಿ ಫಿಲೋಮಿನಾಬಾಯಿ ಒಬ್ಬಳೇ ಇದ್ದಳು, ಮದುವೆಯಾಗದ ಮುದುಕಿ. ಬಾಂದ್ರಾದಲ್ಲಿ ಆಗ ಬಿಲ್ಡಿಂಗಿನ ಮಗ್ಗುಲಲ್ಲಿ ಬಿಲ್ಡಿಂಗು ಏಳುತ್ತಿದ್ದ ಕಾಲ. ಕಲ್ಲು ಹೊರುವವರು, ಗಾರೆ ಮೆತ್ತುವವರು, ಸೆಂಟ್ರಿಂಗ್ ಬಡಿಯುವವರು ಎಲ್ಲ ನಮ್ಮ ಕಡೆಯ ಗಂಡಸರು. ಅವರಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಸಿಗುವ ಜಾಗ ಅದೊಂದೇ. ಒಂದು ಪಂಕ್ತಿ ಏಳುವಷ್ಟರಲ್ಲಿ ಇನ್ನೊಂದು ಪಂಕ್ತಿ ಕೈತೊಳೆದುಕೊಂಡು ಬಾಗಿಲಲ್ಲಿ ನಿಂತಿರುತ್ತಿತ್ತು. ಅಲ್ಲಿಯೇ ಒಲೆಯ ಪಕ್ಕ ಕೂತು ನಾನು ಮಗ್ಗಿ ಕಲಿತೆ.

ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಹೋಗಬೇಕು, ಜೋಕಾಲಿ ಜೀಕಬೇಕು, ಉಂಡಿ ತಿನ್ನಬೇಕು, ನಾಗಪ್ಪನಿಗೆ ಹಾಲೆರೆಯಬೇಕು. ಹಾಲೆರೆಯುವಾಗ ಕೊಬ್ಬರಿ ಬಟ್ಟಲನ್ನು ಹಾಲಲ್ಲಿ ಅದ್ದಿ, ಮನೆಯವರ ಹೆಸರು ಒಂದೊಂದೇ ಹೇಳುತ್ತಾರೆ. ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು, ಅಪ್ಪನ ಪಾಲು, ಅಣ್ಣನ ಪಾಲು ಅಂತ ಒಂದೊಂದು ಹೆಸರಿಗೂ ಕಲ್ಲಿನ ಮೇಲೆ ಹಾಲು ಬೀಳಬೇಕು. ಯಾರ ಹೆಸರಿಗೆ ಬಿತ್ತೋ ಅವರನ್ನು ವರ್ಷವಿಡೀ ನಾಗಪ್ಪ ಕಾಯುತ್ತಾನೆ. ಒಂದು ಹೆಸರು ಬಿಟ್ಟುಹೋಯಿತು ಅಂತ ನೆನಪಾಗಿ ಅರ್ಧ ದಾರಿಯಿಂದ ಓಡಿಬಂದ ಹೆಂಗಸರನ್ನು ನಾನೇ ಕಂಡಿದ್ದೇನೆ.

ಅವ್ವನಿಗೆ ತವರೆಂಬುದು ಉಳಿದಿರಲಿಲ್ಲ. ಇದ್ದರೂ ಹೋಗುವಂತಿರಲಿಲ್ಲ, ಖಾನಾವಳಿಗೆ ಬೀಗ ಹಾಕಿದರೆ ಅಷ್ಟೂ ಗಂಡಸರು ಉಪವಾಸ. ಆ ಗಂಡಸರ ಅಕ್ಕತಂಗಿಯರೋ ದೂರದ ಊರುಗಳಲ್ಲಿ. ಕಲ್ಲುಕುಟಿಗ ಭೀಮರಾಯ ಒಂದು ಕಡಪಾ ಕಲ್ಲಿನ ತುಂಡಿನಲ್ಲಿ ಜೋಡಿ ನಾಗರ ಕೆತ್ತಿಕೊಟ್ಟ. ಹಿತ್ತಿಲಿನ ಬಾವಿಯ ಪಕ್ಕ ಅದನ್ನು ನಿಲ್ಲಿಸಿದರು. ಅಂದಿನಿಂದ ಪ್ರತಿ ಪಂಚಮಿಗೆ ಅವ್ವ ಉಣ್ಣುವವರೆಲ್ಲರ ಹೆಸರು ಹೇಳಿ ಹಾಲೆರೆದಳು. ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಫಿಲೋಮಿನಾಬಾಯಿ, “ಮೇರಾ ಭೀ ಡಾಲ್ ನಾ, ಇಂದ್ರಾ,” ಅನ್ನುತ್ತಿದ್ದಳು. ಅವಳ ಪಾಲೂ ಬೀಳುತ್ತಿತ್ತು.

ಕಾಶಿನಾಥನನ್ನು ಕರೆದುಕೊಂಡು ಬಂದವನು ಇದೇ ಭೀಮರಾಯ. ಮೀಸೆ ಮೂಡದ ವಯಸ್ಸು ಅವನಿಗೆ. ಅವನ ಅಪ್ಪ ಜೋಳದ ಹೊಲದಲ್ಲಿ ಹಾವು ಕಡಿದು ಸತ್ತಿದ್ದ. ಮೊದಲ ಪಂಚಮಿಯ ದಿನ ಅವನು ಕೆಲಸಕ್ಕೂ ಹೋಗದೆ ಆ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅವ್ವ ತನ್ನ ಹೆಸರು ಹೇಳುವವರೆಗೆ ಏಳಲಿಲ್ಲ. ಆಮೇಲೆ ಮೇಸ್ತ್ರಿಯಾದ, ಕಂಟ್ರಾಕ್ಟರ್ ಆದ, ಕೊನೆಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂರುವ ಬಿಲ್ಡರ್ ಆದ. ಊಟಕ್ಕೆ ಬರುವುದು ಬಿಟ್ಟ. ಮದುವೆಯಾದ ಹುಡುಗಿ ಇಲ್ಲಿಯೇ ಹುಟ್ಟಿ ಬೆಳೆದವಳು, ಅವಳಿಗೆ ಪಂಚಮಿಯೂ ಗೊತ್ತಿಲ್ಲ ಪಾಲೂ ಗೊತ್ತಿಲ್ಲ. ಹಾಗಾಗಿ ಪ್ರತಿ ವರ್ಷ ಆ ದಿನ ಬೆಳಿಗ್ಗೆ ಅವನ ಫೋನು ತಪ್ಪುತ್ತಿರಲಿಲ್ಲ. “ಅವ್ವಾ, ನನ್ನ ಪಾಲು ಎರದಿ?” ಇಷ್ಟೇ ಕೇಳುತ್ತಿದ್ದ. “ಎರದೀನೋ, ನಿಶ್ಚಿಂತಿ ಇರು,” ಅನ್ನುತ್ತಿದ್ದಳು ಅವ್ವ.

ಫಿಲೋಮಿನಾಬಾಯಿ ತೀರಿಕೊಂಡ ಮೇಲೆ ಅವಳ ವಿದೇಶದ ನೆಂಟರು ಬಂಗಲೆ ಮಾರಿದರು. ಕೊಂಡವರಲ್ಲಿ ಕಾಶಿನಾಥನೂ ಒಬ್ಬ ಪಾರ್ಟ್ನರ್. ಒಂದು ದಿನ ಬಂದು ಅವ್ವನ ಕಾಲುಮುಟ್ಟಿ ನಮಸ್ಕಾರ ಮಾಡಿ ಕೂತ.

“ಅವ್ವಾ, ಬಿಲ್ಡಿಂಗ್ ಬೀಳೂಹಂಗ ಆಗೇತಿ. ರಿಪೇರಿ ಮಾಡಿಸ್ತೀನಿ. ಅಲ್ಲೀತನಾ ಕಾಂದಿವಲಿಯೊಳಗ ನಿಮಗ ರೂಮ್ ನೋಡೀನಿ. ಮುಗದ ಮ್ಯಾಲೆ ನಿನ್ನ ಅಡಗಿಮನಿ ನಿನಗ.”

ಬರೆದುಕೊಡು ಅಂತ ನಾನು ಅಂದೆ. ಅವ್ವ ನನ್ನ ಮೇಲೆಯೇ ರೇಗಿದಳು.

“ನಾ ಪಾಲು ಎರದ ಹುಡುಗ ಅಂವಾ. ಅಂವನ ಕಡಿಂದ ಕಾಗದಾ ಬರಿಸಿಕೊಳ್ಳಲ್ಯಾ? ನಾಲಿಗಿ ಬಿಗಿಹಿಡಿ.”

ಬೇರೆ ಯಾರಾದರೂ ಕೇಳಿದ್ದರೆ ಅವ್ವ ಹತ್ತು ಸಲ ಯೋಚಿಸುತ್ತಿದ್ದಳು. ಬಾಡಿಗೆ ವಿಷಯದಲ್ಲಿ ಫಿಲೋಮಿನಾಬಾಯಿಯ ಜೊತೆಯೇ ಕಾದಾಡಿದವಳು ಅವಳು. ಆದರೆ ತಾನು ಹಾಲೆರೆದ ಹೆಸರು ತನಗೆ ಕೇಡು ಬಗೆಯುತ್ತದೆ ಅಂತ ಅವಳಿಗೆ ಕನಸಿನಲ್ಲೂ ಬರಲಿಲ್ಲ. ಬೀಗದ ಕೈ ಅವನ ಕೈಯಲ್ಲಿಟ್ಟಳು. ಅಷ್ಟೇ, ಮುಗಿಯಿತು. ರಿಪೇರಿ ಮುಗಿದ ಮೇಲೆ ನೋಡುತ್ತೇವೆ ಅಂದರೆ ಅಡುಗೆಮನೆ ಬಾರ್ ಆಗಿದೆ, ಪಂಕ್ತಿ ಕೂರುತ್ತಿದ್ದ ಕೋಣೆಗಳಲ್ಲಿ ಬೆತ್ತದ ಕುರ್ಚಿಗಳು ಬಂದಿವೆ, ಬಾಗಿಲಲ್ಲಿ ಕಾರು ನಿಲ್ಲಿಸುವುದಕ್ಕೆ ಒಬ್ಬ ಆಳು. ಅವನು ನಮ್ಮ ಫೋನು ಎತ್ತುವುದನ್ನು ನಿಲ್ಲಿಸಿದ. ಪಂಚಮಿಯ ದಿನ ಮಾತ್ರ ತಾನಾಗಿ ಮಾಡುತ್ತಿದ್ದ, ಆ ನಾಚಿಕೆಗೆಟ್ಟವನು! ಅವ್ವನೂ ನಿಶ್ಚಿಂತಿ ಇರು ಅನ್ನುತ್ತಿದ್ದಳು. ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ ವಾಚ್‌ಮನ್‌ಗೆ ಹೇಳಿ, ಸುತ್ತ ಹಾಕಿದ್ದ ತಗಡಿನ ಸಂದಿಯಿಂದ ಒಳಗೆ ಹೋಗಿ ಅವ್ವ ಹಾಲೆರೆದು ಬಂದಿದ್ದಳು. ಮೆನು ಕಾರ್ಡಿನಲ್ಲಿ ಬರೆದದ್ದನ್ನು ನಾನು ಓದಿ ಹೇಳಿದಾಗಲೂ ಅವಳದು ಒಂದೇ ಮಾತು.

“ಪಾರ್ಟ್ನರ್ ಮಂದಿ ಬರಿಸಿರ್ತಾರ. ಕಾಶಿನಾಥನ ಕೈಯಾಗ ಏನ್ ಐತಿ ಪಾಪ.”

ಈ ವರ್ಷ ರೆಸ್ಟೋರೆಂಟ್ ಶುರುವಾಗಿತ್ತು. ಪಂಚಮಿಗೆ ವಾರ ಇದೆ ಎನ್ನುವಾಗ, ಹಾಲೆರೆಯುವುದಕ್ಕೆ ಬಿಡುತ್ತಾರೋ ಇಲ್ಲವೋ ಕೇಳಿಕೊಂಡು ಬರೋಣ ಅಂತ ಅವ್ವ ಹಟ ಹಿಡಿದಳು. ಲೋಕಲ್ ಹಿಡಿದು ಬಾಂದ್ರಾಕ್ಕೆ ಹೋದೆವು. ಬಾಗಿಲಲ್ಲಿ ಗಾರ್ಡ್ ಕೈ ಅಡ್ಡ ಹಾಕಿದ.

“ರಿಸರ್ವೇಶನ್ ಹೈ ಕ್ಯಾ?”

ಅವ್ವ ನಿಂತಲ್ಲೇ ನಿಂತಳು. ತನ್ನ ಮನೆಯ ಹೊಸ್ತಿಲಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಬಾಯಿ ಬಿಟ್ಟೆ. ಹಿಂದಿಯಲ್ಲಿ ಶುರುಮಾಡಿ, ಮರಾಠಿಯಲ್ಲಿ ಏರಿಸಿ, ಕೊನೆಗೆ ಅಪ್ಪಟ ವಿಜಾಪುರದ ಭಾಷೆಯಲ್ಲಿ ಅವನ ಮಾಲೀಕರ ಏಳು ತಲೆಮಾರನ್ನು ಹರಾಜು ಹಾಕಿದೆ. ಒಳಗಿದ್ದ ಗಿರಾಕಿಗಳು ಕತ್ತು ಹೊರಳಿಸಿದರು. ಕಾಲರಿಗೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ಹುಡುಗಿ ಓಡಿಬಂದಳು. ಹೆಸರು ನೇತ್ರಾ, ಅಲ್ಲಿನ ಮ್ಯಾನೇಜರ್.

“ಆಂಟಿ ಪ್ಲೀಸ್, ಚಿಲ್ಲಾವೋ ಮತ್. ನಮ್ಮ ಮಮ್ಮಿ ಧಾರವಾಡದವರೇ. ನನಗೆ ಕನ್ನಡ ಥೋಡಾ ಥೋಡಾ ಬರ್ತದೆ.”

ಅವ್ವ ಅವಳಿಗೆ ಎಲ್ಲ ಬಿಡಿಸಿ ಹೇಳಿದಳು. ಕಲ್ಲು, ಹಾಲು, ಪಾಲು. ಖಾನಾವಳಿಯ ಮಾತು ಬಂದಾಗ ಆ ಹುಡುಗಿ ಅರ್ಥವಾದಂತೆ ತಲೆ ಆಡಿಸಿದಳು, ಆದರೆ ಅವಳ ಕಣ್ಣು ಅರಳಿದ್ದು ಹಾಲೆರೆಯುವ ಮಾತಿಗೆ. ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದಳು. ಕಾಶಿನಾಥ್ ಸರ್ ಒಪ್ಪಿದ್ದಾರಂತೆ. ಅಷ್ಟೇ ಅಲ್ಲ, ಪಂಚಮಿಯ ದಿನ ಒಂದು ಸ್ಪೆಷಲ್ ಬ್ರಂಚ್ ಇಡುತ್ತಾರಂತೆ. ಗಿರಾಕಿಗಳು ಸುತ್ತ ಕೂತು ನೋಡುತ್ತಾರಂತೆ. ಇಲಕಲ್ ಸೀರೆ ಅವರೇ ಕೊಡುತ್ತಾರಂತೆ.

“ಆಮೇಲೆ ಆಂಟಿ, ಲೈವ್ ರೊಟ್ಟಿ ಕೂಡ ಮಾಡಿದ್ರೆ ಮಸ್ತ್ ಆಗ್ತದೆ.”

“ಪಂಚಮಿ ದಿನ ಒಲಿ ಮ್ಯಾಲೆ ಹಂಚ ಇಡಂಗಿಲ್ಲವಾ.”

“ಹಂಚು ಬೇಡ ಆಂಟಿ. ನಮ್ಮಲ್ಲಿ ಎಲೆಕ್ಟ್ರಿಕ್ ಇದೆ.”

ಅವ್ವನಿಗೆ ನಗು ಬಂತು. ನನಗೆ ಬರಲಿಲ್ಲ. ಪಂಚಮಿಗೆ ಹಂಚು ಇಡಬಾರದು ಅನ್ನುವುದು ಆ ಹುಡುಗಿಗೆ ಗೊತ್ತಿಲ್ಲದಿದ್ದರೆ ಹೋಗಲಿ, ಕಾಶಿನಾಥನಿಗೆ ಗೊತ್ತಿರಲಿಲ್ಲವೇ? ನಮ್ಮ ಖಾನಾವಳಿಯಲ್ಲಿ ಎಷ್ಟು ಪಂಚಮಿ ಕುಚ್ಚಿದ ಕಡಬು ತಿಂದಿಲ್ಲ ಅವನು?

ಮನೆಗೆ ಬಂದ ಮೇಲೆ ಅವ್ವನ ಜೊತೆ ಜೋರಾಗಿಯೇ ಜಗಳವಾಡಿದೆ. ನಿನ್ನನ್ನು ಮಂಗ ಮಾಡಿ ಕುಣಿಸುತ್ತಾರೆ, ಫೋನಿನಲ್ಲಿ ಹಿಡಿದು ಊರಿಗೆಲ್ಲ ತೋರಿಸುತ್ತಾರೆ, ಹೋಗಬೇಡ ಅಂದೆ. ನಮ್ಮ ಬಿಲ್ಡಿಂಗಿನ ಕೆಳಗೆ ಅರಳಿಮರ ಇದೆ, ಮಣ್ಣಿನ ನಾಗಪ್ಪನನ್ನು ತಂದು ಅಲ್ಲಿಯೇ ಎರೆಯೋಣ ಅಂದೆ.

“ಅಷ್ಟೂ ಮಂದಿ ಹೆಸರು ಆ ಕಲ್ಲಿಗೆ ಕೇಳಿ ರೂಢಿ ಆಗೇತಿ,” ಅಂದಳು ಅವ್ವ. “ಅವರು ಕುಣಿಸಲಿ, ಬಿಡಲಿ. ನನಗ ಹಾಲು ಎರೀಬೇಕು. ಅಂವಾ ಹೂಂ ಅಂದಾನಲ್ಲ, ಅಷ್ಟ ಸಾಕು. ನೋಡು, ಹುಡುಗ ಕೆಟ್ಟಿಲ್ಲ.”

ಕೆಟ್ಟಿಲ್ಲವಂತೆ. ಆ ದಿನ ರಾತ್ರಿ ನಾನು ಊಟ ಮಾಡಲಿಲ್ಲ.

ಪಂಚಮಿಯ ದಿನ ಅವ್ವ ತನ್ನದೇ ಹಳೆಯ ಸೀರೆ ಉಟ್ಟಳು. ತಂಬಿಗೆಯಲ್ಲಿ ಹಾಲು, ಬೆಲ್ಲ ಹಾಕಿದ್ದು. ಡಬ್ಬಿಯಲ್ಲಿ ಅಳ್ಳಿಟ್ಟು, ಶೇಂಗಾ ಉಂಡಿ. ಈ ಸಲ ಗಾರ್ಡ್ ಸಲಾಮು ಹೊಡೆದ. ಹಿತ್ತಿಲಿಗೆ ಟೈಲ್ಸ್ ಹಾಕಿಸಿ ಅಂಗಳ ಮಾಡಿದ್ದಾರೆ. ಬಾವಿಯ ಮೇಲೆ ಗಾಜು. ನಾಗರ ಕಲ್ಲಿನ ಕೆಳಗೆ ನೀಲಿ ಲೈಟು. ಅವ್ವ ಹಚ್ಚಿದ್ದ ಅರಿಶಿನ ಕುಂಕುಮವನ್ನೆಲ್ಲ ಯಾವುದೋ ಆ್ಯಸಿಡ್ಡು ಹಾಕಿ ತಿಕ್ಕಿ ತಿಕ್ಕಿ ತೆಗೆದಿದ್ದಾರೆ, ಒಂದು ನಾಗರದ ಹೆಡೆಯ ಅಂಚು ಸವೆದುಹೋಗಿದೆ. ಆ ಕಲ್ಲಿನ ಹೆಸರಿನಲ್ಲಿ ಒಂದು ಕಾಕ್‌ಟೇಲ್ ಕೂಡ ಮಾಡಿದ್ದಾರೆ, ಮೆನುವಿನಲ್ಲಿದೆ.

ಗಿರಾಕಿಗಳು ಇನ್ನೂ ಬರುತ್ತಿದ್ದರು. ನಮ್ಮನ್ನು ಒಳಗಿನ ಪಡಸಾಲೆಯಲ್ಲಿ ಕೂರಿಸಿದರು. ಎದುರಿನ ಗೋಡೆಯಲ್ಲಿ ಆಳೆತ್ತರದ ಫೋಟೋ. ಕಾಶಿನಾಥ, ಕೋಟು ಹಾಕಿಕೊಂಡು, ಅದೇ ತೇಗದ ಮೆಟ್ಟಿಲಿನ ಮೇಲೆ. ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದು ಅವನ ಸಹಿ ಹಾಕಿದ್ದರು.

“ಛಂದ ಬಂದಾನ,” ಅಂದಳು ಅವ್ವ. ಆಮೇಲೆ ನೇತ್ರಾಳನ್ನು ಕೇಳಿದಳು, “ಕೆಳಗ ಏನ್ ಬರದೀರವಾ?”

ಬೇಡ ಅಂತ ನಾನು ಕಣ್ಣು ಮಾಡುವಷ್ಟರಲ್ಲಿ ಹುಡುಗಿ ಹೆಮ್ಮೆಯಿಂದ ಓದತೊಡಗಿದಳು.

“ಇದು ಸರ್ ಅವರ ಸ್ಟೋರಿ, ಆಂಟಿ. ನಾನು ಫಸ್ಟ್ ಟೈಮ್ ಈ ಮನೆ ಬಾಗಿಲು ತೆಗೆದೆ, ಒಳಗೆ ಕೋಯೀ ನಹೀ. ಪಾರಿವಾಳ ಅಷ್ಟೇ. ಫಾರ್ಟಿ ಇಯರ್ಸ್ ಇಲ್ಲಿ ಯಾರೂ ಒಲೆ ಹಚ್ಚಿಲ್ಲ. ನಾನು ಹಚ್ಚಿದೆ. ಐಸಾ.”

“ಪಾರ್ಟ್ನರ್ ಮಂದಿ ಹೇಳಿ ಬರಿಸ್ಯಾರ ಹೌದಿಲ್ಲೋ?”

“ನಹೀ ಆಂಟಿ. ಪಾರ್ಟ್ನರ್ಸ್‌ಗೆ ಇಲ್ಲಿಯ ಹಿಸ್ಟರಿ ಏನೂ ಗೊತ್ತಿಲ್ಲ. ಮೆನು ಕಾರ್ಡ್‌ದು, ಇದು, ಎಲ್ಲ ಸರ್ ಹೇಳಿದ್ದು. ನಾನೇ ಎದುರಿಗೆ ಕೂತು ರೆಕಾರ್ಡ್ ಮಾಡಿದೆ.”

“ಅಂವನ ಬಾಯಿಲೇ?”

“ಹಾಂ. ಅವರ ಬಾಯಿಂದಾನೇ.”

ಅವ್ವ ಮತ್ತೆ ಆ ಫೋಟೋ ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ನನಗೇ ತಡೆಯಲಾಗಲಿಲ್ಲ. ಒಲೆ ಹಚ್ಚಿಲ್ಲವಂತೆ! ಜ್ವರ ಬಂದು ಮಲಗಿದಾಗ ಅದೇ ಒಲೆಯ ಮೇಲೆ ಗಂಜಿ ಕಾಯಿಸಿ ಅವನಿಗೆ ಕುಡಿಸಿದ ಕೈ ಇಲ್ಲಿ ನನ್ನ ಪಕ್ಕದಲ್ಲಿ ತಂಬಿಗೆ ಹಿಡಿದುಕೊಂಡು ಕೂತಿದೆ. ಏಳವ್ವಾ, ಮನೆಗೆ ಹೋಗೋಣ ಅಂತ ರಟ್ಟೆ ಹಿಡಿದೆ. ಅವಳು ಕೈ ಬಿಡಿಸಿಕೊಂಡಳು.

“ಹಾಲು ತಂದೀನಿ. ಎರದ ಹೋಗೂದು.”

ಅಂಗಳ ತುಂಬಿತ್ತು. ಸ್ಪೀಕರಿನಲ್ಲಿ ಕೊಳಲು. ಕಾಶಿನಾಥ ರೇಷ್ಮೆ ಕುರ್ತಾ ಹಾಕಿಕೊಂಡು ಮುಂದೆಯೇ ನಿಂತಿದ್ದ. ನಮ್ಮನ್ನು ಕಂಡು, ನಾಲ್ಕು ಜನರ ಎದುರಿಗೆ ಗುರುತು ಹೇಳುವುದೋ ಬೇಡವೋ ಎಂಬಂತೆ, “ವೆಲ್ಕಮ್, ವೆಲ್ಕಮ್,” ಅಂದ. ಅವ್ವ ಅವನನ್ನು ದಾಟಿ ಕಲ್ಲಿನ ಹತ್ತಿರ ಹೋದಳು. ಆ ನೀಲಿ ಲೈಟು ಆರಿಸಿ ಅಂತ ಹೇಳಿದಳು. ಆರಿಸಿದರು. ಕಲ್ಲು ತೊಳೆದು, ಅರಿಶಿನ ಹಚ್ಚಿ, ನೂಲಿನ ಎಳೆ ಹಾಕಿ, ಕೊಬ್ಬರಿ ಬಟ್ಟಲನ್ನು ಹಾಲಲ್ಲಿ ಅದ್ದಿದಳು. ಎಲ್ಲರ ಫೋನುಗಳೂ ಮೇಲೆದ್ದವು.

“ದೇವರ ಪಾಲು. ಗುರುವಿನ ಪಾಲು. ಹಿರ್ಯಾರ ಪಾಲು, ಅದರಾಗ ನಮ್ಮ ಫಿಲೋಮಿನಾಬಾಯಿ ಪಾಲು.”

ಆಮೇಲೆ ಖಾನಾವಳಿ ಶುರುವಾಯಿತು. ಕಲ್ಲುಕುಟಿಗ ಭೀಮರಾಯನ ಪಾಲು. ಗಾರೆ ಈಶ್ವರನ ಪಾಲು. ಚಡಚಣದ ಸಿದ್ದಲಿಂಗಪ್ಪನ ಪಾಲು. ಎರಡೆರಡು ಸಲ ಪಲ್ಯ ಬೇಡುವ ಶಶಿಕಾಂತನ ಪಾಲು. ಪಾತ್ರೆ ತಿಕ್ಕಿಕೊಟ್ಟ ಸುಂದ್ರವ್ವನ ಪಾಲು. ಊರಿಗೆ ವಾಪಸು ಹೋದವರು, ದುಬೈಗೆ ಹೋದವರು, ಎಲ್ಲಿದ್ದಾರೋ ಸುದ್ದಿಯಿಲ್ಲದವರು. ನಿಧಾನಕ್ಕೆ, ಅವಸರವೇ ಇಲ್ಲದೆ, ಪಂಕ್ತಿಯಲ್ಲಿ ಬಡಿಸಿದ ಹಾಗೆಯೇ ಒಬ್ಬರಾದ ಮೇಲೆ ಒಬ್ಬರು. ಗಿರಾಕಿಗಳ ಕೈ ಸೋತಿತು. ಒಂದೊಂದೇ ಫೋನು ಇಳಿಯಿತು, ಗ್ಲಾಸುಗಳ ಸದ್ದು ಶುರುವಾಯಿತು. ಮುಗಿಸಲು ಹೇಳಲೇ ಅಂತ ನೇತ್ರಾ ಕಾಶಿನಾಥನ ಮುಖ ನೋಡಿದಳು. ಬೇಡ ಅಂತ ಅವನು ಕೈ ಸನ್ನೆ ಮಾಡಿದ.

ಯಾಕೆ ಅಂತ ನನಗೆ ಗೊತ್ತಿತ್ತು. ಅಂಗಳದಲ್ಲಿ ಅಷ್ಟೂ ಜನರ ಪೈಕಿ ಅವ್ವನ ಮಾತು ಕಿವಿಗೊಟ್ಟು ಕೇಳುತ್ತಿದ್ದವನು ಅವನೊಬ್ಬನೇ. ಯಾವಾಗಲೂ ಭೀಮರಾಯನ ಬೆನ್ನಿಗೇ ಅವನ ಹೆಸರು ಬರುತ್ತಿತ್ತು. ಈ ಸಲ ಬಂದಿರಲಿಲ್ಲ. ಮುದುಕಿಗೆ ನೆನಪು ಹಿಂದುಮುಂದಾಗಿದೆ, ಮುಂದೆ ಬರುತ್ತದೆ ಅಂತ ಕಾಯುತ್ತಿದ್ದ. ಒಂದೊಂದು ಹೆಸರಿಗೂ ಒಂದೊಂದು ಹೆಜ್ಜೆ ಹತ್ತಿರ ಸರಿಯುತ್ತಿದ್ದ. ಬಾಂದ್ರಾದ ಟೈಲ್ಸ್ ಅಂಗಳಕ್ಕೆ ಹಾವು ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ಅವನ ಮುಖ ನೋಡಿದ್ದರೆ ಕೇಳುತ್ತಿರಲಿಲ್ಲ.

“ನನ್ನ ಮಗಳು ಶಿವಕುಮಾರಿ ಪಾಲು,” ಅಂದಳು ಅವ್ವ. “ಈ ಹುಡುಗಿ ನೇತ್ರಾನ ಪಾಲು. ಬಾಗಲದಾಗ ನಿಂತ ಗಾರ್ಡನ ಪಾಲು. ಇಲ್ಲಿ ಉಣ್ಣಾಕ ಕುಂತ ಮಂದಿ ಎಲ್ಲಾರ ಪಾಲು.”

ಕೊಬ್ಬರಿ ಬಟ್ಟಲನ್ನು ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕಿ ಎದ್ದು ನಿಂತಳು. ಆಯಿತು ಅಂತ ತಿಳಿದು ನೇತ್ರಾ ಚಪ್ಪಾಳೆ ಶುರುಮಾಡಿದಳು. ಅಂಗಳವೆಲ್ಲ ಚಪ್ಪಾಳೆ. ಕಾಶಿನಾಥ ಬಗ್ಗಿ ಅವ್ವನ ಕಿವಿಯ ಹತ್ತಿರ ಬಂದ. ಆ ದಿನ ಅವನ ಬಾಯಲ್ಲಿ ನಮ್ಮ ಮಾತು ಬಂದದ್ದು ಆಗಲೇ.

“ಅವ್ವಾ, ನನ್ನ ಪಾಲು ಮರತಿ.”

“ಮರತಿಲ್ಲ,” ಅಂದಳು ಅವ್ವ. “ಬಿಟ್ಟೀನಿ.”

ಅವನು ತಂಬಿಗೆಯನ್ನು ನೋಡಿದ, ಆಮೇಲೆ ಅವ್ವನನ್ನು ನೋಡಿದ. “ಹಂಗ ಮಾಡಬ್ಯಾಡವಾ,” ಅಂದ. “ಎರಿ. ನೀ ಏನ್ ಹೇಳ್ತಿ ಅದನ್ನ ಬರಸ್ತೀನಿ. ಎರಿ ಅವ್ವಾ.” ಅವ್ವ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಗಿರಾಕಿಗಳು ನೋಡುತ್ತಿದ್ದಂತೆಯೇ ಅವನು ಆ ಕಲ್ಲಿನ ಹತ್ತಿರ ಕುಸಿದು ಕೂತ. ಅದೂ ಕಾರ್ಯಕ್ರಮದ ಭಾಗವೆಂದುಕೊಂಡು ಯಾರೋ ಫೋಟೋ ತೆಗೆದರು.

ಇಷ್ಟು ವರ್ಷ ಅವನಿಗೆ ನಾನು ಹಾಕಿದ ಶಾಪ ಒಂದೆರಡಲ್ಲ. ಹಾಕಿದಷ್ಟೂ ನನ್ನ ಬಾಯಿ ಒಣಗಿತೇ ಹೊರತು ಅವನ ಕೂದಲು ಕೊಂಕಲಿಲ್ಲ. ಇವತ್ತು ಅವ್ವ ದನಿ ಕೂಡ ಏರಿಸಲಿಲ್ಲ. ಖುಷಿಯಾಗಬೇಕಿತ್ತು ನನಗೆ, ಆಯಿತು ಕೂಡ, ಆದರೆ ಅವಳ ಪಕ್ಕದಲ್ಲಿ ನಡೆಯುತ್ತ ನನಗೆ ಹೆದರಿಕೆಯೂ ಆಯಿತು. ತಂಬಿಗೆಯಲ್ಲಿ ಇನ್ನೂ ಒಂದು ಪಾಲಿನಷ್ಟು ಹಾಲು ಉಳಿದಿತ್ತು. ರಿಕ್ಷಾದಲ್ಲಿ, ಸ್ಟೇಶನ್ನಿನ ಮೆಟ್ಟಿಲಿನಲ್ಲಿ, ಲೋಕಲಿನ ನೂಕುನುಗ್ಗಲಿನಲ್ಲಿ ಅದು ಒಂದು ಹನಿಯೂ ಚೆಲ್ಲದಂತೆ ಅವ್ವ ಕೈ ಮುಚ್ಚಿ ಹಿಡಿದುಕೊಂಡು ಬಂದಳು.